ಹದಿನಾರನೇ ಲೂಯಿಯ ರೋಸ್

ತಪ್ಪು ನನ್ನದೇ. ಫ್ರಾನ್ಸಿನ ರಾಜರದ್ದು ಏನೂ ಇಲ್ಲ.

ಕುವೈತ್ ಯುದ್ಧ ಮುಗಿದ ಮೂರನೇ ವರ್ಷ. ಸೌದಿಯ ರಾಸ್ ತನೂರಾದ ಕ್ಯಾಂಪಿನಲ್ಲಿ ನಾನು ಗುಮಾಸ್ತ. ಎಲ್ಲರ ಪಾಸ್‌ಪೋರ್ಟು ನನ್ನ ಕಪಾಟಿನಲ್ಲಿ, ಎಲ್ಲರ ದನಿಯ ನಕಲು ನನ್ನ ಗಂಟಲಲ್ಲಿ. ಮಂಗಳೂರು ಕಡೆಯ ಲೂಯಿ ಡಿಸೋಜರೇ ಅಲ್ಲಿ ಮೂವರು: ಫೋರ್‌ಮನ್, ಮೆಸ್ಸಿನ ಅಡುಗೆಯವ, ವೆಲ್ಡರ್. ಹೈಸ್ಕೂಲಿನ ಚರಿತ್ರೆ ನೆನಪಾಗಿ ಅವರಿಗೆ ಹದಿನಾಲ್ಕನೇ, ಹದಿನೈದನೇ, ಹದಿನಾರನೇ ಲೂಯಿ ಎಂದು ಪಟ್ಟ ಕಟ್ಟಿದೆ. ಪಾಸ್‌ಪೋರ್ಟುಗಳ ಮೇಲೂ ಅದೇ ನಂಬರಿನ ಚೀಟಿ ಅಂಟಿಸಿದೆ. ಇಂಥ ಆಡಳಿತ ಸುಧಾರಣೆಯನ್ನು ಆ ಕಂಪೆನಿ ಕಂಡಿರಲಿಲ್ಲ!

"ಹದಿನಾರನೆಯವನಿಗೆ ಎಂತ ಆಯ್ತು?" ವೆಲ್ಡರ್ ಕೇಳಿದ.

"ತಲೆ ಕಡಿದರು."

"ನನಗೆ ಮದುವೆ ಉಂಟು ಮಾರಾಯ. ಬೇರೆ ನಂಬರ್ ಕೊಡು."

ಫೋರ್‌ಮನ್ ಕೆಲಸ ಬಿಟ್ಟು ಊರಿಗೆ ಹೋದದ್ದೇ ಉಳಿದಿಬ್ಬರಿಗೂ ಬಡ್ತಿ ಕೊಟ್ಟೆ. ಅಡುಗೆಯವ ಹದಿನಾಲ್ಕು, ವೆಲ್ಡರ್ ಹದಿನೈದು. ಹೋದ ರಾಜನ ನಂಬರು ಇನ್ನೊಬ್ಬನಿಗೆ ಬರುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದಿರಬಹುದು. ನಾನು ಹಿಂದಿನ ಬೆಂಚಿನಲ್ಲಿ ಅವರ ದನಿ ಅಭ್ಯಾಸ ಮಾಡುತ್ತಿದ್ದೆ. ಪಾಸ್‌ಪೋರ್ಟಿನ ಚೀಟಿ ಬದಲಿಸಲು ಮರೆತೆ.

ವೆಲ್ಡರನಿಗೆ ಮಂಗಳವಾರ ಊರಲ್ಲಿ ಮದುವೆ. ಸೋಮವಾರ ರೋಸ್, ಅಂದರೆ ವರನ ತಲೆಗೆ ತೆಂಗಿನ ಹಾಲೆರೆಯುವ ಶಾಸ್ತ್ರ. ಗುರುವಾರದ ವಿಮಾನ. ವೀಸಾ ಕೆಲಸಕ್ಕೆ ಓಡಾಡುವ ಮಂದೂಬನಿಗೆ "ಹದಿನೈದು" ಎಂದೆ. ಅವನು ಹದಿನೈದರ ಚೀಟಿ ಇದ್ದದ್ದಕ್ಕೆ ದೇಶ ಬಿಡಲು ಬೇಕಾದ ಮುದ್ರೆ ಹಾಕಿಸಿ ತಂದ. ಬುಧವಾರ ಸಂಜೆ ತೆರೆದರೆ ಒಳಗೆ ಅಡುಗೆಯವನ ಮೀಸೆ! ಗುರುವಾರ, ಶುಕ್ರವಾರ ಸರಕಾರಿ ಕಚೇರಿಗೆ ರಜೆ.

"ನಾನೇ ಹೋಗಿ ಕಟ್ಟಿಕೊಂಡು ಬರ್ಲಾ? ಹೆಸರು ಸರಿ ಉಂಟಲ್ಲ," ಎಂದ ಅಡುಗೆಯವ. ಅವನಿಗೆ ಊರಲ್ಲಿ ಹೆಂಡತಿ, ನಾಲ್ಕು ಮಕ್ಕಳು.

ವೆಲ್ಡರ್ ನಗಲಿಲ್ಲ. "ಅಮ್ಮ ರೋಸಿಗೆ ಊರಿಡೀ ಕರೆದಿದ್ದಾರೆ," ಎಂದ, ಅಷ್ಟೆ. ನಾನು ಎರಡೂ ಪಾಸ್‌ಪೋರ್ಟಿನ ಚೀಟಿ ಕಿತ್ತೆಸೆದೆ.

ಶನಿವಾರ ಬೆಳಿಗ್ಗೆ ಮಂದೂಬನ ಕಾಲಿಗೆ ಬಿದ್ದೆ. ಅವನು "ಯಲ್ಲಾ" ಎಂದು ಅವಸರಿಸುತ್ತ ನನ್ನನ್ನು ಮೂರು ಕೌಂಟರ್ ಸುತ್ತಿಸಿ ಮುದ್ರೆ ಹಾಕಿಸಿಕೊಟ್ಟ. ಸಿಕ್ಕಿದ್ದು ಸೋಮವಾರ ಸಂಜೆಯ ವಿಮಾನ. ಇಳಿದವನು ನೇರ ಇಗರ್ಜಿಗೆ ಓಡಬೇಕು. ಮದುವೆ ಉಳಿಯಿತು, ರೋಸ್ ಹೋಯಿತು.

"ಅದು ಹೇಗೆ ಹೋಗ್ತದೆ?" ಎಂದು ಅಡುಗೆಯವ ಡಬ್ಬದ ತೆಂಗಿನ ಹಾಲು ಹೊರತೆಗೆದ. ಸೋಮವಾರ ಮಧ್ಯಾಹ್ನ ಮೆಸ್ಸಿನ ಹಿಂದೆ ಬಕೆಟ್ ಮಗುಚಿ ಹಾಕಿ ವೆಲ್ಡರನನ್ನು ಕೂರಿಸಿದೆವು. ಅವನ ಅಮ್ಮನ ಬದಲು ಮೊದಲು ಎರೆಯುವ ಶಿಕ್ಷೆ ನನಗೆ. ಎರೆದೆ. "ತಪ್ಪಾಯ್ತು ಮಾರಾಯ," ಎಂದೆ, ಎಷ್ಟೋ ಕಾಲದ ಮೇಲೆ ಸ್ವಂತ ದನಿಯಲ್ಲಿ.

ಅವನು ಕಣ್ಣಿಗಿಳಿದ ಹಾಲು ಒರೆಸಿಕೊಂಡ.

"ಹದಿನಾರನೆಯವನ ತಲೆ ಹೋಯ್ತು ಅಂದಿಯಲ್ಲ? ನೋಡು, ನನ್ನದು ಇಲ್ಲೇ ಉಂಟು. ಉಳಿದ ಹಾಲು ನಿನ್ನ ಕುತ್ತಿಗೆಗೆ ಹೊಯ್ಕೋ. ಅದರ ಮೇಲೆ ಎಂತದೂ ಇಲ್ಲ."