ಅರ್ಗಾನ್ ಎಣ್ಣೆಯ ಅಭ್ಯಂಜನ

ಎಣ್ಣೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಂಬಿದ್ದೆ. ಮೈಸೂರಿನಲ್ಲಿ ಹುಟ್ಟಿದವನು; ಹಸುಗೂಸಾಗಿದ್ದಾಗಲೇ ನೆತ್ತಿಗೆ ಹರಳೆಣ್ಣೆ ತಟ್ಟಿಸಿಕೊಂಡವನು. ಸಾಲದ್ದಕ್ಕೆ ಈಗ ಜಪಾನಿನ ತ್ಸುಕುಬಾದಲ್ಲಿ ಸಂಶೋಧಕ, ಹೆಸರಿನ ಮುಂದೆ ಡಾಕ್ಟರ್ ಬೇರೆ!

ಹಾಗಾಗಿ ನಮ್ಮ ಲ್ಯಾಬಿನ ಫಾತಿಮಾ ತನ್ನ ಊರು ಮೊರಾಕ್ಕೊಗೆ ಹೋಗಿ ಬಂದು, ಬೆರಳುದ್ದದ ಬಾಟಲಿಯೊಂದನ್ನು ಕೊಟ್ಟಾಗ ನಾನು ಎಲ್ಲ ಬಲ್ಲವನಂತೆ ತಲೆಯಾಡಿಸಿದೆ.

"ಅರ್ಗಾನ್ ಎಣ್ಣೆ. ನಮ್ಮಜ್ಜಿ ಕೈಯಾರೆ ತೆಗೆದದ್ದು. ನಿಮ್ಮ ಹೆಂಡತಿಯ ಕೈಗೆ. ದಿನಾ ಎರಡೇ ಹನಿ ಸವರಿಕೊಳ್ಳಲಿ, ಒರಟಾದ ಚರ್ಮ ಮೆತ್ತಗಾಗುತ್ತೆ" ಎಂದಳು.

ಸುಧಾಳ ಕೈಗೆ ಏನಾಗಿದೆ ಎಂದು ನಾನು ಕೇಳಲಿಲ್ಲ. ದೀಪಾವಳಿಗೆ ಉಡುಗೊರೆ ಕೊಟ್ಟು ಭಲೇ ಅನ್ನಿಸಿಕೊಳ್ಳೋಣವೆಂದು ಬಾಟಲಿಯನ್ನು ಕೊಬ್ಬರಿ ಎಣ್ಣೆ ಡಬ್ಬದ ಹಿಂದೆ ಬಚ್ಚಿಟ್ಟೆ.

ನರಕ ಚತುರ್ದಶಿಗೆ ಜಪಾನಿನಲ್ಲಿ ಯಾರೂ ರಜೆ ಕೊಡುವುದಿಲ್ಲ. ಸುಧಾ ಊಟದ ಡಬ್ಬಿ ಕಟ್ಟಿ ಮಾರುವ ಬೆಂತೋ ಅಂಗಡಿಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಹಬ್ಬದ ದಿನವೂ ಬೆಳಿಗ್ಗೆ ಬೇಗ ಸೈಕಲ್ ಹತ್ತಿದಳು. "ರೀ, ಎಣ್ಣೆ ಹಚ್ಕೊಂಡೇ ಸ್ನಾನ ಮಾಡಿ. ಹಬ್ಬದ ದಿನ ಬರೀ ನೀರು ಸುರ್ಕೊಂಡು ಓಡಬೇಡಿ!"

ಡಬ್ಬ ತೆರೆದೆ. ಕೊಬ್ಬರಿ ಎಣ್ಣೆ ಚಳಿಗೆ ಕಲ್ಲಾಗಿತ್ತು. ಚಮಚ ಬಗ್ಗಿತು, ಎಣ್ಣೆ ಜಗ್ಗಲಿಲ್ಲ. ಹಿಂದಿನಿಂದ ಪುಟ್ಟ ಬಾಟಲಿ ಇಣುಕಿತು. ಶಾಸ್ತ್ರಕ್ಕೆ ಎರಡು ಹನಿ ಸಾಕು ಎಂದುಕೊಂಡೆ. ಆದರೆ ಎರಡು ಅಂಗೈಗೆ ಎರಡು ಹನಿಯಾದರೆ, ನನ್ನಂಥ ದೇಹಕ್ಕೆ ಎಷ್ಟು? ವಿಜ್ಞಾನಿಯಲ್ಲವೇ, ತ್ರೈರಾಶಿ ಹಾಕಿದೆ. ಉತ್ತರ: ಪೂರ್ತಿ ಬಾಟಲಿ!

ನೆತ್ತಿಯಿಂದ ಅಂಗಾಲಿನವರೆಗೆ ತಿಕ್ಕಿಕೊಂಡು, ಆಮೇಲೆ ಜಿಡ್ಡು ಹೋಗಲೆಂದು ಮೂರು ಸಲ ಶ್ಯಾಂಪೂ ಹಾಕಿದೆ. ಮೊರಾಕ್ಕೊದ ಅಜ್ಜಿಯ ದುಡಿಮೆಯೆಲ್ಲ ತ್ಸುಕುಬಾದ ಚರಂಡಿ ಸೇರಿತು. ಖಾಲಿ ಬಾಟಲಿ ಕೈಯಲ್ಲಿ ಹಿಡಿದಾಗಲೇ ನೆನಪಾದದ್ದು, ಅದು ಸುಧಾಳ ಉಡುಗೊರೆ ಎಂದು.

ಮರುದಿನ ಫಾತಿಮಾ ಕೇಳಿಯೇ ಬಿಟ್ಟಳು. "ಸುಧಾ ಕೈ ಹೇಗಿದೆ?"

ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. ಬಂದದ್ದು ನಿಜ. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಎದುರು ಕೂತು, ಆ ಎಣ್ಣೆ ಹೇಗೆ ಬರುತ್ತದೆ ಎಂದು ಹೇಳಿದಳು. ಅರ್ಗಾನ್ ಮರದ ಒಣಗಿದ ಹಣ್ಣಿನ ಸಿಪ್ಪೆ ಬಿಡಿಸಬೇಕು. ಒಳಗಿನ ಗಟ್ಟಿ ಕಾಯನ್ನು ಒಂದೊಂದಾಗಿ ಕಲ್ಲಿನ ಮೇಲಿಟ್ಟು, ಇನ್ನೊಂದು ಕಲ್ಲಿನಿಂದ ಒಡೆದು ತಿರುಳು ತೆಗೆಯಬೇಕು. ಬೀಸುವ ಕಲ್ಲಿನಲ್ಲಿ ಬೀಸಬೇಕು. ಆ ಹಿಟ್ಟಿಗೆ ಚೂರುಚೂರೇ ಬಿಸಿನೀರು ಹಾಕಿ, ಎಣ್ಣೆ ಬಿಡುವವರೆಗೆ ನಾದಿ ಹಿಂಡಬೇಕು. ಊರಿನ ಹೆಂಗಸರೆಲ್ಲ ಸುತ್ತ ಕೂತು, ಹರಟುತ್ತ ಒಡೆಯುತ್ತಾರಂತೆ. ಅಜ್ಜಿಗೆ ಈಗ ಕಣ್ಣು ಮಂಜಾಗಿದೆ, ಬೆರಳೇ ದಾರಿ ತೋರಿಸುತ್ತದಂತೆ. ನನಗೆ ತಲೆ ಎತ್ತಲಾಗಲಿಲ್ಲ.

"ಎಣ್ಣೆ ಇನ್ನಿಲ್ಲ. ಲ್ಯಾಬಿನವರಿಗೆ ತೋರಿಸೋಣ ಅಂತ ತಂದ ಕಾಯಿ ಒಂದು ಚೀಲ ಇದೆ. ನೀವೇ ತೆಗೆಯಿರಿ" ಎಂದು ಚೀಲ ಕೈಗಿತ್ತಳು. ಬಾಗಿಲಲ್ಲಿ ಇನ್ನೂ ಏನೋ ಕೂಗಿ ಹೇಳಿದಳು. ಎಣ್ಣೆಯ ವಿಷಯದಲ್ಲಿ ನನಗೆ ಪಾಠವೇ? ನಾನು ಆಗಲೇ ಮೆಟ್ಟಿಲಿಳಿಯುತ್ತಿದ್ದೆ.

ಭಾನುವಾರ ಸುಧಾ ಕೆಲಸಕ್ಕೆ ಹೋದ ಕೂಡಲೇ ಮೈಸೂರಿನಿಂದ ತಂದಿದ್ದ ಕುಟ್ಟಾಣಿ ಹಿಡಿದು ಬಾಲ್ಕನಿಯಲ್ಲಿ ಕಾರ್ಯಾರಂಭ ಮಾಡಿದೆ. ಮೊದಲ ಏಟಿಗೆ ಕಾಯಿ ಒಡೆಯಲಿಲ್ಲ, ಹಾರಿತು! ಎರಡನೆಯದೂ ಹಾರಿತು. ಮೂರನೆಯದಕ್ಕೆ ಬಾಗಿಲ ಗಂಟೆ ಸದ್ದಾಯಿತು. ಕೆಳಗಿನ ಮನೆಯ ಮೊರಿತಾ-ಸಾನ್ ಎಂಬ ಹಿರಿಯಾಕೆ, ಬಿಳಿ ಕರವಸ್ತ್ರದ ಮೇಲೆ ಮೂರು ಕಾಯಿ ಇಟ್ಟುಕೊಂಡು ನಿಂತಿದ್ದರು.

"ಸುಮಿಮಾಸೆನ್, ಇವು ತಮ್ಮವೇ?"

ಕಾಯಿ ಎಸೆದವನು ನಾನು, ಕ್ಷಮೆ ಕೇಳಿದವರು ಅವರು. ನಾನೂ "ಸುಮಿಮಾಸೆನ್" ಎಂದು ಬಾಗಿದೆ. ಅವರು ಇನ್ನಷ್ಟು ಬಾಗಿದರು. ನಾನು ಮತ್ತಷ್ಟು ಬಾಗಿ ಬಾಗಿಲ ಹಿಡಿಗೆ ಹಣೆ ಗುದ್ದಿಕೊಂಡೆ.

ಕಾಯಿ ಹಾರದಿರಲೆಂದು ಆಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಈ ಸಲ ಕಾಯಿ ಹಾರಲಿಲ್ಲ, ನಾನು ಹಾರಿದೆ! ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು, ಬೋಗುಣಿಯಲ್ಲಿ ಎರಡು ಹಿಡಿ ತಿರುಳಿತ್ತು. ನಮ್ಮ ಮನೆಯಲ್ಲಿ ಹುರಿಯದೆ ಯಾವುದನ್ನಾದರೂ ಪುಡಿ ಮಾಡುವುದುಂಟೇ? ಘಮ್ಮೆನ್ನುವಂತೆ ಹುರಿದು, ಮಿಕ್ಸಿಗೆ ಹಾಕಿ, ಬಿಸಿನೀರಲ್ಲಿ ನಾದಿ, ಹಳೆಯ ಪಂಚೆಯ ತುದಿಯಲ್ಲಿ ಕಟ್ಟಿ ಹಿಂಡಿದೆ. ಬಂದದ್ದು ಅರ್ಧ ಚಮಚ.

ಅಷ್ಟರಲ್ಲಿ ಸುಧಾ ಬಂದಳು. "ಏನ್ರೀ ಇದು, ಮನೆಯೆಲ್ಲ ಕಡ್ಲೆಕಾಯಿ ಪರಿಷೆ ವಾಸನೆ?"

ತ್ರೈರಾಶಿಯಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದೆ. ಅವಳು ಸೀದಾ ಫಾತಿಮಾಗೆ ಫೋನ್ ಮಾಡಿ, ಮಾತಾಡಿ, ನನ್ನ ಕಡೆ ತಿರುಗಿದಳು. "ಹುರಿದ್ರೆ ತಿನ್ನೋ ಎಣ್ಣೆಯಂತೆ. ಚರ್ಮಕ್ಕಾದ್ರೆ ಹಸಿಯಾಗೇ ಬೀಸ್ಬೇಕಂತೆ. ಬಾಗಿಲಲ್ಲಿ ನಿಂತು ಕೂಗಿ ಹೇಳಿದ್ಲಂತಲ್ರೀ!"

ಹಿಂಡಿ ಉಳಿದ ಮುದ್ದೆಗೆ ಉಪ್ಪು ಖಾರ ಬೆರೆಸಿ, "ಚಟ್ನಿ ಪರವಾಗಿಲ್ಲ" ಎಂದು ನೆಕ್ಕಿದಳು. ನಂತರ ನನ್ನ ಹೆಬ್ಬೆರಳು ಕಂಡಿತು. "ಅಯ್ಯೋ, ಇಲ್ಲಿ ಕೊಡಿ." ಅರ್ಧ ಚಮಚ ಎಣ್ಣೆಯಲ್ಲಿ ಬೆರಳದ್ದಿ ಮೆಲ್ಲಗೆ ಸವರತೊಡಗಿದಳು.

ಅವಳ ಬೆರಳು ತೆಂಗಿನ ನಾರಿನಂತೆ ತರಚಿತು. ಆ ಕೈಯನ್ನು ಹಿಡಿದು ತಿರುಗಿಸಿ ನೋಡಿದೆ. ಗೆಣ್ಣು ಗೆಣ್ಣಿಗೂ ಬಿರುಕು, ಕೆಲವದರಲ್ಲಿ ರಕ್ತ ಒಣಗಿತ್ತು.

"ಯಾವಾಗಿಂದ ಹೀಗಿದೆ?"

"ಈ ಕೆಲ್ಸಕ್ಕೆ ಸೇರಿದಾಗಿಂದ. ಚಳಿಗೆ ಇನ್ನೂ ಜಾಸ್ತಿ. ದಿನಾ ಪಾತ್ರೆ ನೀರಲ್ಲೇ ಅಲ್ವಾ ಕೈ?"

"ಹೇಳಬಾರದಿತ್ತಾ?"

"ಫಾತಿಮಾಗೂ ಹೇಳಿರ್ಲಿಲ್ಲ. ನಿಮ್ಮ ಲ್ಯಾಬಿನ ಪಿಕ್ನಿಕ್‌ನಲ್ಲಿ ಕೈ ಕುಲುಕಿದ್ಲು, ಗೊತ್ತಾಯ್ತು. ಮೊರಿತಾ-ಸಾನ್ ಕಸ ಹಾಕೋವಾಗ ನೋಡಿ ಗ್ಲೌಸ್ ತಂದ್ಕೊಟ್ರು."

ಬೈಗುಳವೇನೂ ಇರಲಿಲ್ಲ ಅವಳ ಮಾತಿನಲ್ಲಿ. ನನಗೆ ತುಂಬ ನಾಚಿಕೆಯಾಯಿತು. ಅವಳಿಗೆಂದು ಬಂದ ಮೊದಲ ಎಣ್ಣೆ ನನ್ನ ನೆತ್ತಿಗೆ ಹೋಗಿತ್ತು. ಎರಡನೆಯದನ್ನು ಅವಳೇ ನನ್ನ ಬೆರಳಿಗೆ ಸವರುತ್ತಿದ್ದಳು.

"ಇವತ್ತಿಂದ ಮನೆ ಪಾತ್ರೆ ನನ್ನದು" ಎಂದು ಘೋಷಿಸಿ ಸಿಂಕಿನ ಮುಂದೆ ನಿಂತೆ. ಮಿಕ್ಸಿ ಜಾರಿನಿಂದಲೇ ಆರಂಭ. ಒಮ್ಮೆ ಉಜ್ಜಿದೆ, ಮೂರು ಸಲ ಉಜ್ಜಿದೆ, ಬಿಸಿನೀರು ಸುರಿದೆ. ದಿನವಿಡೀ ಹಿಂಡಿದರೂ ಹೊರಬರದ ಎಣ್ಣೆ, ಈಗ ಎಷ್ಟು ತಿಕ್ಕಿದರೂ ಹೋಗಲೊಲ್ಲದು!