ಉಪ್ಪು ಹಾಕಿದ್ಯಾ?

ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ನನ್ನ ಕಾಲು ಎಲ್ಲೂ ಒಂದು ವರ್ಷ ನಿಂತದ್ದಿಲ್ಲ. ಈಗ ಅಡುಗೆಗೆ ಸೇರಿರುವುದು ಅಮೆರಿಕದ ಕೆನ್ಮೋರ್ ಅನ್ನೋ ಊರಿನ ಒಂದು ದೋಸೆ ಹೋಟೆಲಿಗೆ. ಚಳಿಗಾಲದಲ್ಲಿ ರಾತ್ರಿ ಮಳೆ, ಬೆಳಗ್ಗೆ ಐಸು. ಬಾಗಿಲ ಮುಂದೆ ಯಾರ ಕಾಲೂ ನಿಲ್ಲುವುದಿಲ್ಲ. ಹಾಗಾಗಿ ಇಂಥವು ಆಗುತ್ತಲೇ ಇರುತ್ತವೆ.

೧. ಎರಡು ಹಿಡಿ

ಓನರ್ ಪಕ್ಕದೂರು ರೆಡ್ಮಂಡಿನಿಂದ ಫೋನ್ ಮಾಡಿದರು.

“ಉಪ್ಪು ಹಾಕಿದ್ಯಾ?”

“ಹಾಕಿದೀನಿ ಸಾರ್, ಎರಡು ಹಿಡಿ.”

“ಎರಡೇ ಹಿಡಿನಾ? ಅರ್ಧ ಮೂಟೆ ಸುರಿಯಯ್ಯಾ!”

“ಆಮೇಲೆ ಸಾಂಬಾರ್ ಯಾರು ತಿಂತಾರೆ ಸಾರ್?”

“ಸಾಂಬಾರಿಗಲ್ಲ, ಮೆಟ್ಟಿಲಿಗೆ! ಐಸು ಕರಗಬೇಕಲ್ಲ!”

ಅಷ್ಟರಲ್ಲಿ ಹೊರಗೆ ಧಡ್ ಅಂತು. ಡುವಾಲ್ ಅನ್ನೋ ಊರಿನಿಂದ ಇಡ್ಲಿ ತಿನ್ನಲು ಬಂದಿದ್ದ ಗಿರಾಕಿ ಮೆಟ್ಟಿಲ ಕೆಳಗೆ ಕೂತಿದ್ದರು.

“ಏನದು ಸದ್ದು?”

“ಉಪ್ಪು ಕಮ್ಮಿ ಆಗಿದೆ ಸಾರ್.”

೨. ಅಯ್ಯೋ

ಗಿರಾಕಿಯ ಸೊಂಟ ಸರಿಹೋಯಿತು. ಹೋಟೆಲಿನ ಇನ್ಶೂರೆನ್ಸಿನವರ ಕಾಗದ ಮಾತ್ರ ಬಂತು: ಜಾಗ ನೋಡಲು ಬರುತ್ತೇವೆ, ಸರಿಯಿಲ್ಲದಿದ್ದರೆ ಪಾಲಿಸಿ ರದ್ದು. ಪಾಲಿಸಿ ಇಲ್ಲದಿದ್ದರೆ ಕಟ್ಟಡದ ಮಾಲೀಕ ಬೀಗ ಹಾಕುತ್ತಾನೆ. ಕೆಲಸವನ್ನು ನಾನು ಬಿಟ್ಟು ರೂಢಿ, ಕೆಲಸ ನನ್ನನ್ನು ಬಿಟ್ಟು ರೂಢಿಯಿಲ್ಲ.

ಓನರ್ ವಕೀಲರನ್ನು ಕೇಳಿಕೊಂಡು ಬಂದರು. “ಯಾರಾದ್ರೂ ಬಿದ್ರೆ ಸಾರಿ ಅನ್ನಬೇಡ, ತಪ್ಪು ಒಪ್ಕೊಂಡ ಹಾಗಾಗತ್ತೆ. ಫೋಟೋ ತೆಗಿ. ಯಾವ ಶೂ ಅಂತ ಕೇಳು, ತಪ್ಪು ಶೂದೇ ಇರಬಹುದು.”

ಮಾರನೇ ದಿನವೇ ಮೈಸೂರಿನವರೊಬ್ಬರು ಜಾರಿದರು. ಅವರು ಕಂಬ ಹಿಡಿದುಕೊಂಡು ಉಳಿದರು, ದೋಸೆ ಪಾರ್ಸೆಲ್ ಉಳಿಯಲಿಲ್ಲ. ನಾನು ತುಟಿ ಬಿಗಿದು ಫೋಟೋ ತೆಗೆದೆ.

“ಏನ್ರೀ, ಕನ್ನಡದೋರಾಗಿ ಒಂದು ಅಯ್ಯೋ ಅನ್ನಕ್ಕೂ ಆಗಲ್ವಾ?”

ಅಯ್ಯೋ ಅನ್ನಬಹುದಾ ಅಂತ ಓನರನ್ನು ಕೇಳಿದೆ. ಅವರು ವಕೀಲರಿಗೆ ಫೋನ್ ಮಾಡಿದರು. ‘ಅಯ್ಯೋ’ಗೆ ಇಂಗ್ಲಿಷಿನಲ್ಲಿ ಅರ್ಥ ಬರೆದು ಕಳಿಸಿ ಅಂದರಂತೆ ವಕೀಲರು. ಓನರ್ ಇನ್ನೂ ಬರೆಯುತ್ತಿದ್ದಾರೆ.

೩. ರಂಗೋಲಿ

ಇನ್ಶೂರೆನ್ಸಿನವನು ಬರುವ ದಿನ ಬೆಳಗ್ಗೆ ನೋಡುತ್ತೇನೆ, ಬಾಗಿಲ ಮುಂದೆ ಕನ್ನಡಿ ಹಾಸಿದಂತಿದೆ. ಊರಿಂದ ಬಂದಿದ್ದ ಓನರ ತಾಯಿ ಖಾಲಿ ಬಕೆಟ್ ಹಿಡಿದು ನಿಂತಿದ್ದಾರೆ.

“ಅಮ್ಮಾ, ಏನ್ ಮಾಡಿದ್ರಿ!”

“ದೊಡ್ಡೋರು ಬರ್ತಾರಂತಲ್ಲಪ್ಪ, ಬಾಗಿಲಿಗೆ ನೀರು ಹಾಕ್ದೆ. ರಂಗೋಲಿ ಪುಡಿ ಎಲ್ಲಿಟ್ಟಿದೀಯ?”

ನಾನು ಉಪ್ಪಿನ ಮೂಟೆಯನ್ನೇ ತಂದು ಮುಂದಿಟ್ಟೆ. ಅಮ್ಮ ಎರಡೂ ಕೈಯಲ್ಲಿ ಹಾಕಿದರು ನೋಡಿ, ಬಾಗಿಲಗಲದ ಪದ್ಮ! ಇನ್ಶೂರೆನ್ಸಿನವನು ಅದರ ಮೇಲೆ ಕರಕರ ನಡೆದು ಬಂದ. ಕಾಲು ಜಾರಲಿಲ್ಲ.

“ಇಷ್ಟು ಶ್ರದ್ಧೆಯಿಂದ ಉಪ್ಪು ಹಾಕಿದ್ದನ್ನ ನಾನು ಎಲ್ಲೂ ನೋಡಿಲ್ಲ,” ಅಂದವನೇ ಸಹಿಗೆ ಪೆನ್ನು ತೆಗೆದ.

ಆಗ ಓನರ್ ಕಾರಿಳಿದು ಓಡಿ ಬಂದರು. ಅಮ್ಮನ ರಂಗೋಲಿ ತುಳಿಯುವುದುಂಟೇ? ಭಕ್ತಿಯಿಂದ ಪಕ್ಕಕ್ಕೆ ಸರಿದು, ಉಪ್ಪಿಲ್ಲದ ಕಡೆ ಕಾಲಿಟ್ಟರು.

ಧಡ್!

ನಾನು ಸಾರಿ ಅನ್ನಲಿಲ್ಲ. ಫೋಟೋ ತೆಗೆದೆ. “ಯಾವ ಶೂ ಸಾರ್?”

“ಅಯ್ಯೋ!” ಅಂದರು ಓನರ್, ಬಿದ್ದಲ್ಲಿಂದಲೇ.

ಓನರ್ ತನ್ನ ಬಾಗಿಲಲ್ಲಿ ತಾನೇ ಬಿದ್ದರೆ ಗಿರಾಕಿ ಬಿದ್ದಂತಲ್ಲ ಅಂತ ಇನ್ಶೂರೆನ್ಸಿನವನು ನಗುತ್ತಾ ಸಹಿ ಹಾಕಿದ. ಹೋಟೆಲ್ ಉಳಿಯಿತು. ಹೊರಡುವಾಗ ನನ್ನ ಕಡೆ ತಿರುಗಿ, “ಅದೇನೋ ಅಂದರಲ್ಲ, ಅಯ್ಯೋ ಅಂತ, ಹಾಗಂದರೇನು?” ಅಂತ ಕೇಳಿದ.

“ಆ ವಿಚಾರ ನಮ್ಮ ವಕೀಲರ ಹತ್ರ ಇದೆ,” ಅಂದೆ.