ಏಮ ಅಲಿಯಾಸ್ ಏಮ

ನನ್ನಲ್ಲೊಂದು ಕೆಟ್ಟ ಅಭ್ಯಾಸವಿದೆ. ಯಾರಾದರೂ ಮಾತಾಡುತ್ತಿದ್ದರೆ ಅವರು ಏನು ಹೇಳುತ್ತಿದ್ದಾರೆ ಎನ್ನುವುದಕ್ಕಿಂತ ಮೊದಲು ಯಾವ ಅಕ್ಷರ ಬಿಟ್ಟು ಹೇಳುತ್ತಿದ್ದಾರೆ ಎನ್ನುವುದು ನನ್ನ ಕಿವಿಗೆ ಬೀಳುತ್ತದೆ. ಬೇರೆ ಊರಲ್ಲಿ ಹುಟ್ಟಿದ್ದರೆ ಇದರಿಂದ ಅಷ್ಟೇನೂ ತೊಂದರೆಯಿರಲಿಲ್ಲ. ನಾನು ಹುಟ್ಟಿದ್ದು ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ. ನಮ್ಮ ಕಡೆ ಹಾಲು ಆಲಾಗುತ್ತದೆ, ಹಾವು ಆವಾಗುತ್ತದೆ, ಹಳ್ಳಿ ಅಳ್ಳಿಯಾಗುತ್ತದೆ. ಹಕಾರ ಎನ್ನುವುದು ಪುಸ್ತಕದಲ್ಲಿ ಇರಲಿ, ಬಾಯಲ್ಲಿ ಯಾಕೆ ಎಂದು ಊರಿಗೆ ಊರೇ ಯಾವಾಗಲೋ ತೀರ್ಮಾನಿಸಿಬಿಟ್ಟಿದೆ. ಇಂಥ ಊರಲ್ಲಿ ನಮ್ಮಪ್ಪ, ಇರುವ ಒಬ್ಬಳೇ ಮಗಳಿಗೆ ಹೇಮ ಎಂದು ಹೆಸರಿಟ್ಟರು. ನನ್ನ ಹದಿನೆಂಟನೆಯ ವಯಸ್ಸಿನವರೆಗೂ ಮನೆಯಲ್ಲಿ ಒಬ್ಬರೂ ನನ್ನನ್ನು ಆ ಹೆಸರಿನಿಂದ ಕರೆದಿರಲಿಲ್ಲ.

ಮೂರನೆಯ ತರಗತಿಯಿಂದಲೇ ನಾನು ಮನೆಯವರನ್ನು ತಿದ್ದಲು ಶುರುಮಾಡಿದ್ದೆ. ಅಜ್ಜಿ “ಏಮಾ, ಆಲ್ ಕುಡ್ಯವ್ವ” ಎಂದರೆ, ಲೋಟ ಮುಟ್ಟದೆ, “ಹಾಲು ಅನ್ನು, ಕುಡೀತೀನಿ” ಎನ್ನುತ್ತಿದ್ದೆ. ಅಜ್ಜಿ ಲೋಟವನ್ನು ತಾನೇ ಖಾಲಿ ಮಾಡಿ, “ಬೆಳಗಿಂದ ಗೇಯ್ದು ಉಸ್ರು ಕಟ್ಟದೆ. ಇರೋ ಸ್ವಲ್ಪ ಉಸ್ರುನ್ನೂ ಆ ಅಕ್ಸರಕ್ ಸುರೀಬೇಕೇನವ್ವ?” ಎನ್ನುತ್ತಿದ್ದಳು. ಆಮೇಲೆ ಕಾಲೇಜಿನ ಪುಸ್ತಕವೊಂದರಲ್ಲಿ, ಹಳಗನ್ನಡದ ಪಾಲು ಮುಂದೆ ಹಾಲಾಯಿತು ಎಂದು ಓದಿದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. ಅಂದರೆ ಪಕಾರ ಸವೆದು ಹಕಾರವಾಗಿದೆ. ಅಜ್ಜಿ ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ತಳ್ಳಿದ್ದಾಳೆ, ನಾನು ಹಿಂದಕ್ಕೆ ಎಳೆಯುತ್ತಿದ್ದೇನೆ. ಈ ಸಂಗತಿಯನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಕೆಲವು ತರದ ಜ್ಞಾನವನ್ನು ಗುಟ್ಟಾಗಿಟ್ಟುಕೊಳ್ಳುವುದು ಒಳ್ಳೆಯದು.

ಅಪ್ಪನದು ಪಂಪ್‌ಸೆಟ್ ಮೋಟರ್ ರಿಪೇರಿಯ ಅಂಗಡಿ. ಸುಟ್ಟುಹೋದ ಮೋಟರ್ ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು ಅವರ ಕೆಲಸ. ರಜೆಯಲ್ಲಿ ಪಕ್ಕದಲ್ಲಿ ಕೂತು ಸುತ್ತುಗಳನ್ನು ಎಣಿಸುವುದು ನನ್ನ ಕೆಲಸ. ಒಂದು ಸುತ್ತು ಹೆಚ್ಚುಕಡಿಮೆಯಾಗಿದೆ ಎಂದು ಅನುಮಾನ ಬಂದರೂ ಸಾಕು, ಪೂರ್ತಿ ಬಿಚ್ಚಿ ಮತ್ತೆ ಸುತ್ತುವ ಮನುಷ್ಯ ಅವರು. “ನಿಮ್ಮ ಮಾತಲ್ಲೂ ಇಷ್ಟು ಲೆಕ್ಕ ಇರಬಾರದಾ?” ಎಂದು ಕೇಳಿದರೆ, “ಮಾತು ಸುಟ್ಟೋಗಲ್ಲ ಕಣವ್ವ” ಎನ್ನುತ್ತಿದ್ದರು. ಆ ತಂತಿಯ ಸುತ್ತುಗಳೇ ತಲೆಗೂ ಸುತ್ತಿಕೊಂಡು, ಮೋಟರುಗಳ ಬಗ್ಗೆಯೇ ಓದಬೇಕೆಂಬ ಹುಚ್ಚು ನನಗೆ ಹಿಡಿಯಿತು. ಅದಕ್ಕೆ ನಾನು ಆಸೆಪಟ್ಟಿದ್ದು ಮಹಾರಾಷ್ಟ್ರದ ಒಂದು ಸರ್ಕಾರಿ ತಾಂತ್ರಿಕ ವಿಶ್ವವಿದ್ಯಾಲಯ. ಅಲ್ಲಿನ ಪ್ರಯೋಗಾಲಯದ ಫೋಟೋದಲ್ಲಿ ನಮ್ಮ ಅಂಗಡಿಯಷ್ಟೇ ದೊಡ್ಡದಾದ ಒಂದು ಮೋಟರ್ ಇತ್ತು. ಅಪ್ಪನಿಗೆ ತೋರಿಸಿದೆ. ಅವರು ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು, “ಇದ ಸುತ್ತಕ್ ಎಷ್ಟ್ ಜನ ಬೇಕಾಯ್ತರೆ?” ಎಂದರು. ಅವ್ವ ಮಾತ್ರ ಒಲೆಯ ಮುಂದಿನಿಂದಲೇ, “ಮಂಡ್ಯದಲ್ಲಿ ಇಲ್ವಾ ಕಾಲೇಜು? ಬಸ್ಸಲ್ಲಿ ಓಗಿ ಬಸ್ಸಲ್ಲಿ ಬರಬೌದು” ಎಂದಳು.

ಆ ವಿಶ್ವವಿದ್ಯಾಲಯದಲ್ಲಿ ಬೇರೆ ರಾಜ್ಯದವರಿಗೆ ಇದ್ದದ್ದು ಬೆರಳೆಣಿಕೆಯಷ್ಟು ಸೀಟು. ಅರ್ಜಿಯಲ್ಲಿ ‘ಹೊರರಾಜ್ಯ’ ಎನ್ನುವ ಚೌಕಕ್ಕೆ ಗುರುತು ಹಾಕುವಾಗ ವಿಚಿತ್ರವೆನ್ನಿಸಿತು. ಕಿರುಗಾವಲಿನ ನಮ್ಮ ಜಗಲಿಯ ಮೇಲೆ ಕೂತಲ್ಲಿಯೇ, ಅಲುಗಾಡದೆ, ನಾನು ಹೊರಗಿನವಳಾಗಿದ್ದೆ. ಪರೀಕ್ಷೆ ಮುಗಿದು ಪಟ್ಟಿ ಬಂದಾಗ ಹೊರರಾಜ್ಯದವರ ಪಟ್ಟಿಯ ಕೊನೆಯಲ್ಲಿ ನನ್ನ ಹೆಸರಿತ್ತು. ನನ್ನ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಕಾಯುತ್ತಿರುವವರ ಉದ್ದನೆಯ ಸಾಲು. ಹತ್ತು ದಿನದೊಳಗೆ ಮೂಲ ದಾಖಲೆಗಳೊಂದಿಗೆ ಖುದ್ದಾಗಿ ಬರಬೇಕು, ಎಲ್ಲ ದಾಖಲೆಗಳಲ್ಲೂ ಒಂದೇ ಹೆಸರಿರಬೇಕು, ಇಲ್ಲವಾದರೆ ಸೀಟು ಗೆರೆಯ ಕೆಳಗಿನವರಿಗೆ ಹೋಗುತ್ತದೆ ಎಂದು ಸೂಚನೆ ಇತ್ತು. ನಾನು ನಕ್ಕೆ. ಹೆಸರಿನ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟಿನವರು ಯಾರಿದ್ದಾರೆ? ಆಮೇಲೆ ಅವ್ವನ ಟ್ರಂಕಿನ ತಳದಿಂದ ಜನನ ಪ್ರಮಾಣಪತ್ರ ತೆಗೆದು ನೋಡಿದೆ. ಅದರಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸ್ಪಷ್ಟವಾಗಿ, ಚೆಂದದ ಅಕ್ಷರದಲ್ಲಿ, ‘ಏಮ’ ಎಂದಿತ್ತು.

ಶಾಲೆಗೆ ಸೇರಿಸಿಕೊಂಡಿದ್ದು ಅಕ್ಷರ ಬಲ್ಲ ಟೀಚರು. ಹಾಗಾಗಿ ಅಂಕಪಟ್ಟಿಗಳಲ್ಲೆಲ್ಲ ನಾನು ಹೇಮ. ಹುಟ್ಟಿದ್ದು ಮಾತ್ರ ಏಮ. ಅಪ್ಪನನ್ನು ಕೇಳಿದೆ.

“ನಾನೇ ಓಗಿ ಬರ್ಸ್ದೆ ಕಣವ್ವ,” ಎಂದರು, ಸ್ವಲ್ಪವೂ ಅಳುಕಿಲ್ಲದೆ. “ಬರ್ಕೊಳೋ ಆವಯ್ಯ ಬಲೇ ಉಸಾರು. ‘ಏಮಾನೋ ಏಮಾನೋ, ಸರ್ಯಾಗ್ ಏಳಿ’ ಅಂತ ಎಲ್ಡು ಸಲ ಕೇಳ್ದ. ಇದ್ಯಾಕ್ ಇವ್ನು ಒಂದೇ ಎಸ್ರ ಎಲ್ಡು ಸಲ ಕೇಳ್ತಾನೆ ಅಂತ ನಂಗೂ ಅನುಮಾನ ಬಂತು. ಏಮಾನೇ ಕಣ್ ಸಾ, ತಪ್ಪಿಲ್ದಂಗ್ ಬರ್ಕೊಳಿ ಅಂದೆ.”

ಆ ಮನುಷ್ಯ ಕೇಳಿದ್ದು ‘ಹೇಮಾನೋ ಏಮಾನೋ’ ಎಂದು. ಅಪ್ಪನ ಕಿವಿಯನ್ನು ದಾಟುವಷ್ಟರಲ್ಲಿ ಎರಡೂ ಒಂದೇ ಆಗಿದ್ದವು. ನಾನು ಹುಟ್ಟಿದ ವಾರದಲ್ಲೇ ನನ್ನ ಹಕಾರಕ್ಕೆ ಒಂದು ಅವಕಾಶ ಸಿಕ್ಕಿತ್ತು. ಅದನ್ನು ಅಪ್ಪ ಇಷ್ಟೊಂದು ಎಚ್ಚರಿಕೆಯಿಂದ ಕಳೆದಿದ್ದರು.

ಪ್ರಮಾಣಪತ್ರವನ್ನೇ ತಿದ್ದಿಸಲು ಹತ್ತು ದಿನ ಸಾಲದು. ಏಮ, ಹೇಮ ಇಬ್ಬರೂ ಒಬ್ಬಳೇ ಎಂದು ನೋಟರಿಯ ಹತ್ತಿರ ಅಫಿಡವಿಟ್ ಮಾಡಿಸಿಕೊಂಡು ಹೋದರೆ ನಡೆಯಬಹುದು ಎಂದು ಯಾರೋ ಹೇಳಿದರು. ಮರುದಿನ ಬೆಳಿಗ್ಗೆಯೇ ಅಪ್ಪನೂ ನಾನೂ ಮಳವಳ್ಳಿಯ ಬಸ್ಸು ಹತ್ತಿದೆವು. ಇಲ್ಲಿ ನನ್ನ ಇನ್ನೊಂದು ದೋಷವನ್ನೂ ಒಪ್ಪಿಕೊಳ್ಳಬೇಕು. ಮನೆಯವರ ಮುಂದೆ ವ್ಯಾಕರಣ ಪಂಡಿತೆಯಾದ ನಾನು, ಗುರುತಿಲ್ಲದವರ ಮುಂದೆ ಬಾಯಿ ಬಿಡುವುದಿಲ್ಲ. ನೋಟರಿಯ ಕೋಣೆಯಲ್ಲಿ ನಾಲ್ಕು ಜನ ಕೂತಿದ್ದನ್ನು ನೋಡಿದ್ದೇ, “ಅಪ್ಪ, ನೀವೇ ಹೇಳಿ, ನಾನು ಜೆರಾಕ್ಸ್ ಮಾಡಿಸಿಕೊಂಡು ಬರ್ತೀನಿ” ಎಂದು ಜಾರಿಕೊಂಡೆ. ವಾಪಸ್ಸು ಬಂದಾಗ ಬಾಗಿಲಲ್ಲೇ ಅಪ್ಪನ ದನಿ ಕೇಳಿಸಿತು.

“ಬರ್ಕೊಳಿ ಸಾ. ನನ್ ಮಗಳು ಏಮ, ಅಲಿಯಾಸ್ ಏಮ.”

ಟೈಪಿಸ್ಟ್ ಬೆರಳು ನಿಲ್ಲಿಸಿ, “ಏನ್ ಯಜಮಾನ್ರೇ, ಎಲ್ಡೂ ಒಂದೇ ಅಲ್ವಾ?” ಎಂದ.

“ಅಲೆಲೆ, ಅದುನ್ನೇ ಸಾ ಅವ್ರು ಬರ್ಸ್ಕಂಡ್ ಬನ್ನಿ ಅಂದಿರೋದು, ಎಲ್ಡೂ ಒಂದೇ ಅಂತ!”

ಟೈಪಿಸ್ಟನಿಗೆ ಈ ತರ್ಕ ಪೂರ್ತಿ ಒಪ್ಪಿಗೆಯಾಯಿತು. ಏಮ ಮತ್ತು ಏಮ ಎಂಬ ಇಬ್ಬರೂ ಒಬ್ಬಳೇ ವ್ಯಕ್ತಿ ಎಂದು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಟೈಪಾಯಿತು. ನೋಟರಿ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆಯುವುದಕ್ಕೂ ನಾನು ಮೇಜಿನ ಹತ್ತಿರ ಬರುವುದಕ್ಕೂ ಸರಿಹೋಯಿತು.

“ಸರ್, ತಪ್ಪಾಗಿದೆ. ಒಂದು ಕಡೆ ಹ ಬರಬೇಕು,” ಎಂದೆ.

“ಆ ಬಂದದಲ್ಲಮ್ಮ, ಕಡೇಲಿ. ಏಮಾ,” ಎಂದರು ನೋಟರಿ.

“ಆ ಅಲ್ಲ ಸರ್, ಹ.”

“ಅದೇ ಕಣಮ್ಮ, ಆ.”

“ಹಾಲು ಅಂತೀವಲ್ಲ ಸರ್, ಆ ಹ.”

“ಆಲಿಗೂ ಇದ್ಕೂ ಏನಮ್ಮ ಸಂಬಂಧ?” ಎಂದು ನೋಟರಿ ಅಪ್ಪನ ಕಡೆ ನೋಡಿದರು. ಅಪ್ಪ, “ಚಿಕ್ಕೋಳಿಂದ್ಲೂ ಇಂಗೇ ಸಾ, ಆಲಿನ್ ವಿಸ್ಯದಲ್ಲಿ ಒಸಿ ಅಟ” ಎಂದರು. ಬೆಂಚಿನಲ್ಲಿ ಕೂತಿದ್ದ ನಾಲ್ವರೂ ನನ್ನನ್ನು ಕನಿಕರದಿಂದ ನೋಡಿದರು. ಕಡೆಗೆ ಬೇರೆ ದಾರಿ ಕಾಣದೆ, ಇಂಗ್ಲಿಷಿನ ‘ಹೆಚ್’ ಸರ್, ಹೆಸರಿನ ಮೊದಲು ಹೆಚ್ ಬರಬೇಕು ಎಂದೆ. ಟೈಪಿಸ್ಟ್ ತಲೆ ಚಚ್ಚಿಕೊಂಡು, “ಎಚ್ಚಾ? ಎಚ್ ಅಂತ ಮೊದ್ಲೇ ಏಳಕ್ಕೇನಮ್ಮ ನಿಂಗೆ!” ಎಂದು ಒಂದೇ ಏಟಿಗೆ ಸರಿಮಾಡಿದ. ಮನೆಗೆ ಹೋಗಿ ನಿಘಂಟು ತೆಗೆದು ನೋಡಿದೆ. ಇಂಗ್ಲಿಷಿನಲ್ಲಿ ಆ ಅಕ್ಷರದ ಹೆಸರು ‘ಎಚ್’ ಅಂತಲೇ ಇತ್ತು. ಇಷ್ಟು ವರ್ಷ ಅದಕ್ಕೊಂದು ಹಕಾರ ಅಂಟಿಸಿ ತಪ್ಪು ಹೇಳುತ್ತಿದ್ದವಳು ನಾನು. ಮಳವಳ್ಳಿಯವರು ಸರಿಯಾಗಿಯೇ ಹೇಳುತ್ತಿದ್ದರು. ಇದನ್ನೂ ಗುಟ್ಟಾಗಿಟ್ಟುಕೊಂಡೆ.

ಮದ್ದೂರಿನಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ಇಳಿದು, ಇನ್ನೊಂದು ರೈಲು ಹಿಡಿದೆವು. ಅಪ್ಪನಿಗೆ ಒಳಗೊಳಗೇ ಚಿಂತೆ ಹತ್ತಿತ್ತು ಎಂದು ಕಾಣುತ್ತದೆ. ತಮ್ಮ ಬಾಯಿಂದ ಹೊರಟ ತಪ್ಪಿಗೆ ಮಗಳ ಸೀಟು ಹೋದರೆ ಎಂಬ ಚಿಂತೆ. ಕಿಟಕಿಯಾಚೆ ನೋಡುತ್ತಿದ್ದವರು ಇದ್ದಕ್ಕಿದ್ದಂತೆ, “ಅದ ಎಂಗವ್ವ ಏಳದು, ಆ ಅಕ್ಸರವ?” ಎಂದು ಕೇಳಿದರು. ಹತ್ತು ವರ್ಷದ ನನ್ನ ಪಾಠಕ್ಕೆ ಮೊದಲ ವಿದ್ಯಾರ್ಥಿ ತಾನಾಗಿ ಬಂದಿದ್ದ. “ಕನ್ನಡಕ ಒರೆಸುವಾಗ ಬಾಯಿಂದ ಉಸಿರು ಬಿಡ್ತೀರಲ್ಲ, ಹಾಗೆ” ಎಂದೆ. ಅಪ್ಪ ಕನ್ನಡಕ ತೆಗೆದು ಅದರ ಮೇಲೆ ಉಸಿರು ಬಿಟ್ಟರು. ಗಾಜು ಮಂಜಾಯಿತು. “ಹಾ... ಏಮ” ಎಂದರು. ಉಸಿರು ಬೇರೆ, ಹೆಸರು ಬೇರೆ ಬಂದವು. ಮತ್ತೆ ಉಸಿರು ಬಿಟ್ಟರು. ಎದುರಿಗೆ ಕೂತಿದ್ದ ಹೆಂಗಸು, ಪಾಪ, ಕನ್ನಡಕದಲ್ಲಿ ಏನೋ ಕೆಟ್ಟ ಕೊಳೆಯಿರಬೇಕೆಂದು ಕರ್ಚೀಫು ಕೊಡಲು ಬಂದಳು. ಮಧ್ಯಾಹ್ನದ ಹೊತ್ತಿಗೆ ಹಕಾರ ಕೈಗೆ ಸಿಕ್ಕಿತು. ಆದರೆ ಸಿಕ್ಕ ಮೇಲೆ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂಬ ಅಂದಾಜು ಅವರಿಗಿರಲಿಲ್ಲ. “ಹಿಡ್ಲಿ ತಿಂತೀಯೇನವ್ವ?” ಎಂದರು. “ಹವ್ವಂಗೆ ಒಂದ್ ಫೋನ್ ಮಾಡು” ಎಂದರು. ಎಂದೂ ತಿದ್ದದೆ ಬಿಡದ ನಾನು ಆ ಇಡ್ಲಿಯನ್ನು ಸುಮ್ಮನೆ ತಿಂದೆ.

ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಪೋಷಕರನ್ನು ಮೇಜಿನಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ಒಂದು ಹಗ್ಗದ ಹಿಂದೆ ನಿಲ್ಲಿಸಿ, ವಿದ್ಯಾರ್ಥಿಗಳನ್ನು ಮಾತ್ರ ಮುಂದಕ್ಕೆ ಬಿಡುತ್ತಿದ್ದರು. ಮೇಜಿನ ಹಿಂದಿದ್ದ ಮೇಡಂ ನನ್ನ ಕಾಗದಗಳನ್ನು ಒಂದೊಂದಾಗಿ ನೋಡಿದರು. ಜನನ ಪ್ರಮಾಣಪತ್ರ ನೋಡಿ ಹುಬ್ಬು ಗಂಟಿಕ್ಕಿದರು. ಅಂಕಪಟ್ಟಿ ನೋಡಿದರು. ಅಫಿಡವಿಟ್ಟನ್ನು ಎರಡು ಸಲ ಓದಿದರು. ಗೆರೆಯ ಕೆಳಗಿನ ಉದ್ದನೆಯ ಸಾಲು ನನ್ನ ಬೆನ್ನ ಹಿಂದೆಯೇ ನಿಂತಿದೆ ಅನ್ನಿಸಿತು. ಮೇಡಂ ಕಡೆಗೆ ತಲೆಯೆತ್ತಿ, ಇದೇನೂ ದೊಡ್ಡ ವಿಷಯವಲ್ಲ ಎನ್ನುವಂತೆ ಇಂಗ್ಲಿಷಿನಲ್ಲಿ ಹೇಳಿದರು: “ಸರಿ, ಇದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ನಮ್ಮ ದಾಖಲೆಗೆ ಒಂದೇ ಹೆಸರು, ಆಮೇಲೆ ಬದಲಾಯಿಸಲು ಬರುವುದಿಲ್ಲ. ನಿನ್ನ ಹೆಸರು ನೀನೇ ಹೇಳು, ಬರೆದುಕೊಳ್ಳುತ್ತೇನೆ.”

ಇಡೀ ಜನ್ಮದಲ್ಲಿ ನಾನು ಕಾದಿದ್ದ ಪ್ರಶ್ನೆ. ಉಸಿರು ಎಲ್ಲಿತ್ತೋ ಗೊತ್ತಿಲ್ಲ, ಬಾಯಲ್ಲಿ ಮಾತ್ರ ಇರಲಿಲ್ಲ.

“ಏಮ,” ಎಂದೆ.

ಮೇಡಂ ತಲೆಯಾಡಿಸಿ ಪೆನ್ನು ಕಾಗದಕ್ಕೆ ಇಟ್ಟರು. ಅಷ್ಟರಲ್ಲಿ ಹಗ್ಗದ ಹಿಂದಿನಿಂದ, ಸಭಾಂಗಣವೆಲ್ಲ ತಿರುಗಿ ನೋಡುವಂತೆ ಒಂದು ಕೂಗು ಬಂತು.

“ಹೇಮ! ಹೇಮ, ಮೇಡಂ! ಹೇ...ಮ!”

ಹದಿನೆಂಟು ವರ್ಷದಲ್ಲಿ ಮೊದಲ ಸಲ ಅಪ್ಪ ನನ್ನ ಹೆಸರು ಹಿಡಿದು ಕರೆದರು. ಅದೂ ನನ್ನನ್ನಲ್ಲ, ಮೇಡಂ ಅವರನ್ನು ನೋಡಿಕೊಂಡು. ಅಕ್ಷರ ತಪ್ಪಲಿಲ್ಲ, ಉಸಿರು ಬೇರೆ ಹೆಸರು ಬೇರೆ ಆಗಲಿಲ್ಲ. ಮೇಡಂ ನಗುತ್ತ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ, ಬಾಯಿ ಬಿಡುವ ಧೈರ್ಯ ಮಾಡಲಿಲ್ಲ. ಎಚ್ ಅಕ್ಷರದಿಂದ ಶುರುವಾದ ಹೆಸರಿನ ಮೇಲೆ ಮೊಹರು ಬಿತ್ತು.

ಹೊರಗೆ ಮರದ ನೆರಳಿಗೆ ಬಂದ ಮೇಲೆ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಈ ಸಲ ಉಸಿರು ಬಿಡುವ ಅಗತ್ಯವಿರಲಿಲ್ಲ, ಗಾಜು ಆಗಲೇ ಒದ್ದೆಯಾಗಿತ್ತು. “ಅಲ್ಲ ಕಣೇ ಏಮ, ಇಷ್ಟ್ ದೂರ ಬಂದು ನಿನ್ ಎಸ್ರ ನೀನೇ ತಪ್ಪೇಳದಾ?” ಎಂದರು. ಅವರ ಹಕಾರಗಳೆಲ್ಲ ಆ ಒಂದೇ ಕೂಗಿಗೆ ಖರ್ಚಾಗಿದ್ದವು.

ಓದು ಮುಗಿಸಿ ಬಂದು ಈಗ ನಾನೂ ಮೋಟರುಗಳ ಕೆಲಸವನ್ನೇ ಮಾಡುತ್ತಿದ್ದೇನೆ. ಊರಿಗೆ ಹೋದಾಗಲೆಲ್ಲ ಅಂಗಡಿಯಲ್ಲಿ ಅಪ್ಪ ಯಾರಾದರೂ ಹೊಸ ಗಿರಾಕಿಗೆ ಈ ಕಥೆ ಹೇಳುತ್ತಿರುತ್ತಾರೆ: “ಅಷ್ಟ್ ದೊಡ್ ಕಾಲೇಜ್ಗೆ ಓದ್ಳು ಕಣಣ್ಣ, ತನ್ ಎಸ್ರ ತಾನೇ ಏಳಕ್ ಬರ್ನಿಲ್ಲ, ನಾನ್ ಏಳ್ಕೊಡ್ಬೇಕಾಯ್ತು.” ನಾನು ಪಕ್ಕದಲ್ಲೇ ಕೂತು ಕೇಳುತ್ತೇನೆ. ತಿದ್ದೋಣವೆಂದರೆ, ಕಥೆಯಲ್ಲಿ ಒಂದು ಮಾತೂ ಸುಳ್ಳಿಲ್ಲ. ಉಳಿದದ್ದು ಉಚ್ಚಾರಣೆ. ಅದನ್ನು ತಿದ್ದುವ ಮುಖ ನನಗೆಲ್ಲಿದೆ?